ಹಣೆಗೆ ಕಟ್ಟಿದ ಪಟ್ಟಿ

"ಸರ್, ಆಕಿ ಇಲ್ಲಿಗೂ ಬಂದಿದ್ಳು." ದೇವದುರ್ಗದಿಂದ ಫೋನ್ ಮಾಡಿದ್ದ ಹಳೆಯ ಸಹಾಯಕ ಖಾಜಾನ ದನಿ ಏರಿತ್ತು. "ನಿಮ್ಮ ರಾಯಚೂರು ಅಡ್ರೆಸ್ ಕೊಟ್ಟೀನ್ರಿ. ತಪ್ಪಾತೇನು?"

ಡಾಕ್ಟರ್ ಮರಿಸ್ವಾಮಿ ಫೋನನ್ನು ಕಿವಿಗೆ ಒತ್ತಿಹಿಡಿದರು. ನಿನ್ನೆ ಮಾನ್ವಿಯಿಂದ ಅವರ ತಮ್ಮನೂ ಇದನ್ನೇ ಹೇಳಿದ್ದ. ಆಫ್ರಿಕದ ಹುಡುಗಿ, ಕೈಯಲ್ಲಿ ಪೇಪರಿನ ತುಂಡು, ಬಾಯಲ್ಲಿ ನಮ್ಮದೇ ಕನ್ನಡ. ಮಿಲಿಟರಿ ಡಾಕ್ಟರ್ ಎಲ್ಲಿದ್ದಾರೆ ಎಂಬ ಒಂದೇ ಪ್ರಶ್ನೆ. ತಮ್ಮನೇನೋ ಅಡ್ರೆಸ್ ಕೊಡದೆ ಕಳಿಸಿದ್ದ.

ಪೇಪರಿನ ತುಂಡು ಯಾವುದೆಂದು ಬೇರೆ ಹೇಳಬೇಕೆ? ಹೋದ ವಾರ ಅವರಿಗೆ ಸನ್ಮಾನವಾಗಿತ್ತು. 'ಅಂತರ್ಯುದ್ಧದಲ್ಲಿ ಒಂಬತ್ತು ಪ್ರಾಣ ಉಳಿಸಿದ ವೈದ್ಯ' ಎಂದು ಸುದ್ದಿ ಬಂದಿತ್ತು. ಆ ಒಂಬತ್ತು ಜನ ನಿಜವಾಗಿ ಉಳಿದರೋ ಇಲ್ಲವೋ, ಮರಿಸ್ವಾಮಿಯವರಿಗೇ ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಅದೊಂದೇ ಕೊರಗು. ಆದರೂ ಶಾಲು ಹೊದಿಸುವಾಗ ಬೇಡ ಅನ್ನಲಿಲ್ಲ. ಅವರೂ ಮನುಷ್ಯರೇ!

"ತಪ್ಪೇನಿಲ್ಲ ಬಿಡೋ. ಆಕಿ ಮುಖ ಹೆಂಗಿತ್ತು?"

"ನಗಲಿಲ್ರಿ. ಆದ್ರ ಆ ಒಂಬತ್ತು ಮಂದ್ಯಾಗ ಯಾರದರ ಮಗಳಿರಬೇಕು. ಉಪಕಾರ ನೆನಸಾಕ ಬಂದಾಳ. ಅಲ್ಲಾ ದೊಡ್ಡಾಂವ ಸರ್!"

ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಕೊನೆಯ ರೋಗಿ ಎದ್ದು ಹೋದ ಮೇಲೆ ಅವಳು ಒಳಗೆ ಬಂದಳು. ಇಪ್ಪತ್ತೆರಡರ ಪ್ರಾಯ, ಬಾಗಿಲಿನೆತ್ತರದ ಹುಡುಗಿ. ಹೆಸರು ನ್ಯಾಮಲ್. ನಾಲ್ಕು ವರ್ಷದಿಂದ ರಾಯಚೂರಿನಲ್ಲೇ ಕೃಷಿ ಓದುತ್ತಿದ್ದಾಳಂತೆ.

"ಕೂಡವ್ವ. ಚಾ ತರಿಸ್ಲೇನು?"

"ಬ್ಯಾಡ್ರಿ. ಅವತ್ತು ಏನಾತು ಅಂತ ನಿಮ್ಮ ಬಾಯಿಂದ ಕೇಳಬೇಕ್ರಿ. ಏನೂ ಬಿಡಬ್ಯಾಡ್ರಿ."

ಮರಿಸ್ವಾಮಿ ಹೇಳತೊಡಗಿದರು.

ಅವಳ ದೇಶದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಗುಡಾರದ ಆಸ್ಪತ್ರೆ. ಸರ್ಜನ್ ಮರಿಸ್ವಾಮಿ, ಸಹಾಯಕ ಖಾಜಾ. ಒಟ್ಟು ಇಪ್ಪತ್ತಾರು ಗಾಯಾಳುಗಳು. ಹದಿನೇಳು ಜನ ಸರ್ಕಾರದ ಕಡೆಯವರು. ಉಳಿದ ಒಂಬತ್ತು ಜನ ನ್ಯಾಮಲ್‌ಳ ಜನಾಂಗದವರು. ಆ ಜನಾಂಗದಲ್ಲಿ ಗಂಡುಮಕ್ಕಳಿಗೆ ಪ್ರಾಯ ಬಂದಾಗ ಹಣೆಗೆ ಚಾಕುವಿನಿಂದ ಆರು ಅಡ್ಡಗೀರು ಎಳೆಯುವ ಪದ್ಧತಿ. ಯುದ್ಧ ಶುರುವಾದ ಮೇಲೆ ಸರ್ಕಾರಿ ಸೈನಿಕರು ಆ ಗೀರು ಕಂಡಲ್ಲಿ ಗುಂಡು ಹೊಡೆಯುತ್ತಿದ್ದರು. ಹತ್ತಿರದ ಊರಿನ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಹಾಸಿಗೆಗೂ ಹೋಗಿ ಹಣೆ ನೋಡಿ ಕೊಂದಿದ್ದರು.

"ನಿಮ್ಮ ಹಣಿ ಮ್ಯಾಲಿನ ವಿಭೂತಿ ನೀರು ಹಾಕಿದ್ರ ಹೋಗ್ತದ್ರಿ ಸರ್," ಎಂದಿದ್ದ ಖಾಜಾ. "ಇವರದು ಹೆಂಗ ಅಳಸ್ತೀರಿ?"

ಅಳಿಸಲಾಗದಿದ್ದರೆ ಮುಚ್ಚಬಹುದಲ್ಲ! ಮರಿಸ್ವಾಮಿ ಇಪ್ಪತ್ತಾರು ಜನರಿಗೂ ಹಣೆಯಿಂದ ಮೂಗಿನವರೆಗೆ ಬ್ಯಾಂಡೇಜು ಸುತ್ತಿಸಿದರು. ಕಾಲು ಮುರಿದವನಿಗೂ ಅದೇ, ಹೊಟ್ಟೆ ಹರಿದವನಿಗೂ ಅದೇ. ಯಾರು ಯಾವ ಕಡೆಯವರೆಂದು ಯಾರಿಗೂ ಕಾಣುವಂತಿರಲಿಲ್ಲ. ದುಭಾಷಿಯಿಂದ ಎಲ್ಲರಿಗೂ ಹೇಳಿಸಿದರು: ಯಾರೇ ಬಂದರೂ, ಯಾರೇ ಕರೆದರೂ ತುಟಿ ಬಿಚ್ಚಬೇಡಿ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಅಲ್ಲಿ ಪ್ರಾಣಕ್ಕೇ ಬಂದಿತ್ತು. ದುಭಾಷಿ ಅಂದೇ ಹೆದರಿ ಓಡಿಹೋದ.

ಮರುದಿನ ಎರಡು ಟ್ರಕ್ಕು ಬಂದವು. ಸರ್ಕಾರಿ ಸಮವಸ್ತ್ರದ ಹತ್ತು ಹನ್ನೆರಡು ಜನ. ಟ್ರಕ್ಕಿನಲ್ಲಿ ದಪ್ಪಗೆ ಹುಲ್ಲು ಹಾಸಿತ್ತು. ಹೆಣ ಒಯ್ಯುವುದಕ್ಕೆ ಎಂದುಕೊಂಡು ಖಾಜಾ ಬೆವೆತುಹೋದ.

ಅಧಿಕಾರಿಯೊಬ್ಬನೇ ಒಳಗೆ ಬಂದ. ಆ ಸೆಕೆಯಲ್ಲೂ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ.

"ಹಣೆಯಲ್ಲಿ ಗೀರಿದ್ದವರು ಎಲ್ಲಿ?" ಅರೆಬರೆ ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ ಕೇಳಿದ.

"ಇಲ್ಲಿ ಗಾಯಾಳುಗಳಿದ್ದಾರೆ. ಅಷ್ಟೇ," ಎಂದರು ಮರಿಸ್ವಾಮಿ.

ಅವನು ಒಬ್ಬನ ಬ್ಯಾಂಡೇಜಿಗೆ ಕೈ ಹಾಕಿದ. ಮರಿಸ್ವಾಮಿ ಅಡ್ಡ ನಿಂತರು. "ಬಿಚ್ಚಿದರೆ ರಕ್ತ ನಿಲ್ಲುವುದಿಲ್ಲ. ಸಾಯುತ್ತಾನೆ."

ಶುದ್ಧ ಸುಳ್ಳು. ಆದರೆ ಅವನು ಸರಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡ.

"ಅಂವ ಸಿಟ್ಟು ಮಾಡಿದನೇನ್ರಿ?" ನ್ಯಾಮಲ್ ನಡುವೆ ಬಾಯಿ ಹಾಕಿದಳು.

"ಇಲ್ಲವ್ವ. ಅದಕ್ಕ ಇನ್ನೂ ಅಂಜಿಕಿ ಬಂತು. ಒಬ್ಬೊಬ್ಬರ ಕಿವಿ ಹತ್ರ ಬಗ್ಗಿ ಒಂದ ಹೆಸರು ಪಿಸುಗುಟ್ಟಿಕೋತ ಹೋದ. ಹೆಸರು ಹಿಡಿದು ಹುಡುಕಾಕತ್ತಾನ ಅಂದ್ರ, ಯಾರೋ ಪಟ್ಟಿ ಬರ್ದು ಕೊಟ್ಟಾರ ಅಂತ ತಿಳ್ಕೊಂಡೆ."

"ಯಾವ ಹೆಸರ್ರಿ?"

"ಗಾಟ್ಲುವಾಕ್ ಅಂದಂಗಿತ್ತು."

ಅವಳು ಪೇಪರಿನ ತುಂಡನ್ನು ಮಡಚಿದಳು. "ಆಮ್ಯಾಲ?"

"ಹೊಟ್ಟಿಗೆ ಗುಂಡು ಬಿದ್ದಿದ್ದ ಹುಡುಗ ಒಬ್ಬ ಇದ್ದ. ಹೆಸರು ಕೇಳಿದ್ದ ತಡ, ಕೈ ಮ್ಯಾಲೆತ್ತಿದ. ಅಂಜಿ ಎತ್ತಿದನೋ ಏನೋ! ಅಧಿಕಾರಿ ಆ ಕಡಿ ತಿರುಗಿದ್ದ. ನಾ ನಾಡಿ ನೋಡೋರಂಗ ಮಾಡಿ ಆ ಕೈ ಅದುಮಿ ಹಿಡ್ಕೊಂಡೆ. ಬಿಡಲಿಲ್ಲ. ಹೊರಗ ಅವರ ಮಂದಿ ಹೊರಡ್ರಿ ಅಂತ ಒದರಾಕತ್ತಿದ್ರು. ಅಂವ ಹೋದ. ಹೋಗೋವಾಗ ಕಣ್ಣು ಕೆಂಪಗಾಗಿದ್ವು ನೋಡು, ಸಿಟ್ಟಿಗೆ."

ಮೂರನೆಯ ದಿನ ಆಸ್ಪತ್ರೆಯನ್ನು ಬೇರೊಂದು ತಂಡಕ್ಕೆ ಒಪ್ಪಿಸಿ ಇವರು ಮುಂದಿನ ಊರಿಗೆ ಹೋಗಬೇಕಾಯಿತು. ಅಲ್ಲಿಂದ ಯಾವ ಸುದ್ದಿಯೂ ಬರಲಿಲ್ಲ.

"ಒಂದ ಮಾತು ಹೇಳವ್ವ." ಮರಿಸ್ವಾಮಿ ಮುಂದಕ್ಕೆ ಬಾಗಿದರು. "ಅವರು ಉಳಿದ್ರಾ?"

ನ್ಯಾಮಲ್ ಇಲ್ಲವೆಂದು ತಲೆಯಾಡಿಸಿದಳು. "ನೀವು ಹೋದ ಮರುದಿನ ಸೈನ್ಯ ಬಂತ್ರಿ. ಎಲ್ಲಾರ ಬ್ಯಾಂಡೇಜು ಬಿಚ್ಚಿ ನೋಡಿದ್ರು. ಒಂಬತ್ತು ಮಂದೀನೂ ಉಳೀಲಿಲ್ಲ."

ಮರಿಸ್ವಾಮಿ ಕುರ್ಚಿಯ ಕೈ ಹಿಡಿದುಕೊಂಡರು. ಅಳು ಒತ್ತರಿಸಿ ಬಂತು. "ಯಪ್ಪಾ! ಮತ್ತ ಬಂದ್ರಾ ಅವರು? ಒಮ್ಮೆ ಬರಿಗೈಲಿ ಕಳ್ಸಿದ್ನಲ್ಲಾ..."

"ಸೈನ್ಯ ಬಂದದ್ದು ಅದೊಂದ ಸಲ ರೀ," ಎಂದಳು ನ್ಯಾಮಲ್. "ನೀವು ಕೈ ಅದುಮಿ ಹಿಡಿದ್ರಲ್ಲ, ಅಂವನ ಗಾಟ್ಲುವಾಕ್, ನಮ್ಮಣ್ಣ. ವೈರಿ ಬಟ್ಟಿ ತೊಟ್ಟು ಅವರನ್ನೆಲ್ಲಾ ಕರ್ಕೊಂಡು ಹೋಗಾಕ ಬಂದಾಂವ ನಮ್ಮಪ್ಪ."