ದಫೇದಾರರು ಎಮ್ಮೆ ಹಿಂಡಿದ್ದು

ಗಾಳೆಮ್ಮನ ಹಳೇ ಇಳಕಲ್ ಸೀರೆ ಉಚ್ಚಂಗೆಪ್ಪನ ಸೊಂಟದಲ್ಲಿ ನಿಲ್ಲಲೊಲ್ಲದು. ಒಂದು ಕಡೆ ನಿರಿಗೆ ಸಿಕ್ಕಿಸಿದರೆ ಇನ್ನೊಂದು ಕಡೆ ಜಾರುತ್ತಿತ್ತು. ಹಗರಿಬೊಮ್ಮನಹಳ್ಳಿ ತಾಲೂಕು ಕಚೇರಿಯ ದಫೇದಾರ, ರುಮಾಲಿನ ಒಂದು ಸುತ್ತು ಕೂಡ ಅತ್ತಿತ್ತ ಆಗಗೊಡದ ಮನುಷ್ಯ, ಈಗ ಪಡಸಾಲೆಯ ನಡುವೆ ಎರಡೂ ಕೈ ಮೇಲೆತ್ತಿಕೊಂಡು ಹೆಂಡತಿಯ ಎದುರು ನಿಂತಿದ್ದ.

"ಸುಮ್ಮನ ನಿಂದರ್ರಿ. ನಕ್ಕರ ನಿರಿಗಿ ಬಿಚ್ತಾವು," ಎಂದಳು ಗಾಳೆಮ್ಮ, ತಾನೇ ನಗುತ್ತ.

"ನಾನೆಲ್ಲಿ ನಕ್ಕೆ? ನೀ ಕಚಗುಳಿ ಇಡಾಕ ಹತ್ತೀದಿ. ಲಗೂ ಮುಗಿಸಲೇ, ಯಾರರ ಬಂದಾರು."

ಆ ಬೇಸಿಗೆಯಲ್ಲಿ ಗಾಳೆಮ್ಮನಿಗೆ ಊರೂರು ತಿರುಗುವುದಿತ್ತು. ಕೊಟ್ಟೂರಿನಲ್ಲಿ ತಂಗಿಯ ಹೊಸ ಮನೆ, ಸೊಸೆಯ ತವರು ಹರಪನಹಳ್ಳಿಯಲ್ಲಿ ಮೊಮ್ಮಗಳ ತೊಟ್ಟಿಲು, ಎಲ್ಲಕ್ಕೂ ಮೊದಲು ಗುಡೇಕೋಟೆಯಲ್ಲಿ ಅಣ್ಣನ ಮಗಳ ಮದುವೆ. ಎಲ್ಲಿಗೆ ಹೋದರೂ ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು ಅವಳ ರೂಢಿ. ಎಷ್ಟೋ ಮದುವೆಗಳಲ್ಲಿ ಅಕ್ಷತೆ ಹಾಕಿ ಊಟಕ್ಕೂ ಕೂರದೆ ಓಡಿ ಬಂದಿದ್ದಳು. ಗುಡೇಕೋಟೆಯದು ಹಾಗಲ್ಲ. ಅಣ್ಣನೂ ಇಲ್ಲ, ಅತ್ತಿಗೆಯೂ ಇಲ್ಲ. ಹಿಂದಿನ ದಿನವೇ ಹೋಗಿ ಹುಡುಗಿಗೆ ಅರಿಷಿಣ ಹಚ್ಚಿ ನೀರೆರೆಯಲು ಸೋದರತ್ತೆಯನ್ನು ಬಿಟ್ಟರೆ ಆ ಮನೆಯಲ್ಲಿ ಬೇರೆ ಹೆಣ್ಣುದಿಕ್ಕಿಲ್ಲ.

ಅಡ್ಡಿ ಎಂದರೆ ಎಮ್ಮೆ. ಕರು ಸತ್ತ ಮೇಲೆ ಅದು ಗಾಳೆಮ್ಮನ ಕೈಗಲ್ಲದೆ ಯಾರ ಕೈಗೂ ಹಾಲಿಳಿಸುತ್ತಿರಲಿಲ್ಲ. ಅಣ್ಣ ತೀರಿಕೊಂಡಾಗ ಅವಳು ಒಂದು ರಾತ್ರಿ ಉಳಿದಿದ್ದಕ್ಕೇ ಅದು ಉಚ್ಚಂಗೆಪ್ಪನನ್ನು ಒದ್ದು, ತಂಬಿಗೆ ಉರುಳಿಸಿ, ಕೆಚ್ಚಲು ಬಾತು ಸಾಯುವ ಹಾಗೆ ಆಗಿತ್ತು. ಹಾಗೆಂದೇ ಮೊನ್ನೆ ಉಣ್ಣುವಾಗ ಗಾಳೆಮ್ಮ, "ಅರಿಷಿಣ ಹಚ್ಚಾಕ ಓಣಿಯವರು ಯಾರರ ಇರ್ತಾರ ಬಿಡ್ರಿ. ನಾ ತಾಳಿ ಹೊತ್ತಿಗೆ ಮಾರಿ ತೋರಿಸಿ ಬಂದುಬಿಡ್ತೀನಿ," ಎಂದಿದ್ದಳು. ಉಚ್ಚಂಗೆಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ್ದ. ಆಮೇಲೆ, "ನಿಂದೊಂದು ಉಟ್ಟು ಬಿಟ್ಟ ಸೀರಿ ಕೊಡು. ವಾಸನಿ ನಂಬಿ ಹಾಲು ಬಿಟ್ಟರೂ ಬಿಟ್ಟೀತು," ಎಂದವನು ಅವನೇ.

ಇವತ್ತು ಅದರ ಪರೀಕ್ಷೆ. ಕೈಗೆ ಏರದ ಬಳೆಗಳನ್ನು ದಾರದಲ್ಲಿ ಪೋಣಿಸಿ ಅವನ ಮಣಿಕಟ್ಟಿಗೆ ಕಟ್ಟಿದ್ದಾಯಿತು. ತನ್ನ ಸುಳಿವು ಎಮ್ಮೆಗೆ ಹತ್ತಬಾರದೆಂದು ಗಾಳೆಮ್ಮ ನೆರೆಮನೆಯ ಅಂಜಿನಕ್ಕನ ಮಾಳಿಗೆ ಹತ್ತಿ ಕುಳಿತಳು. ಅಲ್ಲಿಂದ ತನ್ನ ಅಂಗಳವೆಲ್ಲ ಕಾಣುತ್ತಿತ್ತು.

ಎಮ್ಮೆ ಸೀರೆಯನ್ನು ಮೂಸಿತು. ಒಂದು ಹೆಜ್ಜೆ ಹಿಂದೆ ಸರಿಯಿತು. ಉಚ್ಚಂಗೆಪ್ಪ ಬಳೆ ಅಲ್ಲಾಡಿಸಿದ. ದನಿಯನ್ನು ಸಣ್ಣಗೆ ಮಾಡಿ, "ನಿಂದ್ರವ್ವಾ ನನ್ನ ಬಂಗಾರಾ, ಹೊತ್ತಾತು ತಾಯೀ, ಓಣ್ಯಾಗಿನ ಹಸುಗೂಸಿನ ಮನಿಗೆ ಮೊದಲು ಹಾಲು ಕೊಡಬೇಕವ್ವಾ," ಎಂದು ರಾಗ ಎಳೆದ.

"ಎವ್ವಾ, ಥೇಟ್ ನಿನ್ನ ದನಿ ಐತಲ್ಲೇ!" ಅಂಜಿನಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಗಾಳೆಮ್ಮನಿಗೆ ನಗು ಬರಲಿಲ್ಲ. ತಾನು ದಿನಾ ಎಮ್ಮೆಗೆ ಆಡುವ ಮಾತನ್ನು ಈ ಮನುಷ್ಯ ಯಾವಾಗ ಇಷ್ಟು ಕಿವಿಗೊಟ್ಟು ಕೇಳಿದ್ದ?

ಚುರ್ ಎಂದು ಮೊದಲ ಧಾರೆ ತಂಬಿಗೆಗೆ ಬಿತ್ತು. ಅದೇ ಹೊತ್ತಿಗೆ ಅಂಗಳದ ಬಾಗಿಲು ಕಿರುಗುಟ್ಟಿತು. "ದಫೇದಾರಣ್ಣ ಅದಾನೇನ್ರಿ?" ಎನ್ನುತ್ತ ಒಳಗೆ ಬಂದವನು ಪಂಚಾಕ್ಷರಪ್ಪ, ಅದೇ ಕಚೇರಿಯ ಜವಾನ. ಸಾಹೇಬರಿಂದ ಹಿಡಿದು ಕಸ ಗುಡಿಸುವವಳ ತನಕ ಯಾರಿಗೂ ಅಡ್ಡಹೆಸರಿಡದೆ ಬಿಡದ ಬಾಯಿ ಅವನದು.

ಗಾಳೆಮ್ಮ ಮಾಳಿಗೆಯ ಅಂಚಿಗೆ ಸರಿದಳು. ಗಂಡ ಎದ್ದು ಒಳಗೆ ಓಡಿದರೆ ಮಾನ ಉಳಿದೀತು; ಆದರೆ ನಡುವೆ ಬೆದರಿದ ಎಮ್ಮೆ ಇನ್ನೊಮ್ಮೆ ಆ ಸೀರೆಯನ್ನು ನಂಬುವುದಿಲ್ಲ. ಗುಡೇಕೋಟೆ ಅಲ್ಲಿಗೆ ಮುಗಿಯಿತು. ಕೂತರೆ ನಾಳೆ ಕಚೇರಿ ತುಂಬ ಇದೇ ಮಾತು.

"ಏಳ್ತಾನ, ಈಗ ಏಳ್ತಾನ ನೋಡು," ಎಂದು ಪಿಸುಗುಟ್ಟಿದಳು ಅಂಜಿನಕ್ಕ.

ಉಚ್ಚಂಗೆಪ್ಪ ಏಳಲಿಲ್ಲ. ಜಾರಿದ ಸೆರಗನ್ನು ಮೊಣಕೈಯಿಂದಲೇ ಹೆಗಲಿಗೇರಿಸಿಕೊಂಡು, ಹಿಂಡುವುದನ್ನು ನಿಲ್ಲಿಸದೆ, ಅದೇ ಸಣ್ಣ ದನಿಯಲ್ಲಿ ಹೇಳಿದ: "ಯಾರು, ಪಂಚಾಕ್ಷರಿಯೇನಪಾ? ಮೆಲ್ಲಕ ಕುಂದ್ರು ತಮ್ಮಾ. ಗಂಡಸರ ದನಿ ಕೇಳಿದ್ರ ಈಕಿ ಬೆದರ್ತಾಳ. ನಿಮ್ಮ ಅತ್ತಿಗಿ ಗುಡೇಕೋಟಿ ಮದುವಿಗೆ ಹೋಗಬೇಕು. ಹೋದಾಕಿ ನಾಕು ದಿನ ಇದ್ದು ಬರಬೇಕು."

ತೆರೆದ ಬಾಯಿ ತೆರೆದ ಹಾಗೆಯೇ ಪಂಚಾಕ್ಷರಪ್ಪ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತ. ಗಾಳೆಮ್ಮ ಮಾಳಿಗೆಯ ಮೇಲಿಂದ ಆ ಬಾಯಿಯನ್ನೇ ನೋಡುತ್ತಿದ್ದಳು. ಈಗ ಬಿತ್ತು ಅಡ್ಡಹೆಸರು, ಈಗ ಬಿತ್ತು. ತಂಬಿಗೆಯಲ್ಲಿ ನೊರೆ ಏರುತ್ತ ಬಂದು ಕಂಠ ಮುಟ್ಟಿತು. ಉಚ್ಚಂಗೆಪ್ಪ ಎಮ್ಮೆಯ ಬೆನ್ನು ಸವರಿ, ಎದ್ದು, ಸೀರೆಯಲ್ಲೇ ಅವನ ಕಡೆ ತಿರುಗಿದ.

"ಹೇಳಪಾ, ಏನು ಬಂದಿದ್ದಿ?"

ಬಂದ ಕೆಲಸ ಪಂಚಾಕ್ಷರಪ್ಪನಿಗೆ ನೆನಪಾಗಲಿಲ್ಲ.

"ನಮ್ಮನ್ಯಾಗೂ ಎಮ್ಮಿ ಐತಿ ಅಣ್ಣಾ," ಎಂದ. "ಕೇಳಿದಾಗೆಲ್ಲ ನಮ್ಮಾಕಿ, ತವರಿಗೆ ಹೋಗಾಕ ನನಗ ಮನಸಿಲ್ಲ ಅಂತಿರ್ತಾಳ. ನಾನು ಅದನ್ನ ಖರೇ ಅಂತ ನಂಬಿದ್ದೆ."