ಎಡದ ತಟ್ಟೆ, ಬಲದ ತಟ್ಟೆ

ಪೆರಾಕ್ಸೈಡಿನ ಕೊನೆಯ ಹನಿ ಬಲಗಡೆಯ ತಟ್ಟೆಗೆ ಬೀಳುವವರೆಗೂ ಅಕ್ಕ ಉಸಿರು ಬಿಗಿಹಿಡಿದಿದ್ದಳು. ಉಸಿರಾಡಿದರೆ ಕೈ ಅಲುಗುತ್ತದೆ, ಅಳತೆ ಕೆಡುತ್ತದೆ. ಇಪ್ಪತ್ತೆರಡು ವರ್ಷದ ಅಭ್ಯಾಸ.

ಆ ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಸಾಕುವವಳು ಅವಳೇ. ಪ್ರೊಫೆಸರರಿಂದ ಹಿಡಿದು ಎಲ್ಲರಿಗೂ ಅವಳು ಅಕ್ಕ. ಎಡದ ತಟ್ಟೆಯ ಕೋಶಗಳ ಮೈಮೇಲೆ ಒಂದು ಗ್ರಾಹಕ ಪ್ರೋಟೀನ್ ಇತ್ತು. ಹೊರಗೆ ಅಪಾಯ ಬಂದಿದೆ ಎಂದು ಒಳಗೆ ಸುದ್ದಿ ಮುಟ್ಟಿಸುವ ಕಾವಲುಗಾರ. ಬಲದ ಕೋಶಗಳಿಂದ ಅದನ್ನು ಕಿತ್ತುಹಾಕಿದ್ದರು. ಪೆರಾಕ್ಸೈಡ್ ಎಂದರೆ ಕೋಶಕ್ಕೆ ಒಳಗಿನಿಂದಲೇ ತುಕ್ಕು ಹಿಡಿಸುವ ವಿಷ. ಕಾವಲುಗಾರ ಇದ್ದವು ಬದುಕಬೇಕು, ಇಲ್ಲದವು ಸಾಯಬೇಕು. ಪ್ರೊಫೆಸರರ ಐದು ವರ್ಷದ ದುಡಿಮೆ ನಿಂತಿದ್ದು ಇದರ ಮೇಲೆ.

ಮಧ್ಯಾಹ್ನ ಅವರು ಮೈಕ್ರೋಸ್ಕೋಪಿನಿಂದ ತಲೆಯೆತ್ತಿದಾಗ ಮುಖ ಊರಗಲವಾಗಿತ್ತು.

“ಬಲದ್ದು ಸ್ಮಶಾನ! ಎಡದವು ಮದುವೆಮನೆಗೆ ಬಂದವರ ಹಾಗೆ ಆರಾಮಾಗಿ ಕೂತಿವೆ. ಮೂರನೇ ಸಲ, ಅಕ್ಕಾ. ಮೂರೂ ಸಲ ಒಂದೇ ಉತ್ತರ.”

ಅಕ್ಕ ಕೈಗವಸು ಬಿಚ್ಚುತ್ತಿದ್ದವಳು ನಿಲ್ಲಿಸಿದಳು. “ಸರ್, ಬೆಳಿಗ್ಗೆ ವಿಷ ಹಾಕೋವಾಗ ಎಡದ್ದರಲ್ಲಿ ಕೋಶ ಎರಡರಷ್ಟಿತ್ತು.”

“ನೀವೇ ಎಣಿಸಿ ಸಮ ಹಾಕಿದ್ದಲ್ವಾ?”

“ಅದು ಮೊನ್ನೆ. ಗ್ರಾಹಕ ಕಿತ್ತ ಕೋಶಗಳು ಶುದ್ಧ ಸೋಮಾರಿಗಳು ಸರ್, ಬೆಳೆಯೋದೇ ಇಲ್ಲ. ಎರಡು ದಿನದಲ್ಲಿ ಹಿಂದೆ ಬಿದ್ದಿವೆ. ಮೂರು ಸಲವೂ ಹಾಗೇ ಆಗಿರುತ್ತೆ. ನಾಲ್ಕು ಜನ ಹಂಚಿಕೊಂಡು ಕುಡಿದ ವಿಷ, ಇಬ್ಬರೇ ಕುಡಿದ ವಿಷ ಒಂದೇನಾ? ನಂಗೆ ಈಗ ಹೊಳೀತು. ತಪ್ಪು ನಂದೇ.”

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು. ಅದು ಕೊಳೆಯಾಗಿರಲಿಲ್ಲ. “ಅಂದ್ರೆ, ಗ್ರಾಹಕ ಕಾಪಾಡುತ್ತೆ ಅನ್ನೋದು ಸುಳ್ಳಾ?”

“ಸುಳ್ಳು ಅಂದ್ನಾ? ಕಾಪಾಡುತ್ತೋ ಏನೋ. ಗ್ರಾಹಕ ಎಷ್ಟು ಕಾಪಾಡ್ತು, ಗುಂಪು ಎಷ್ಟು ಕಾಪಾಡ್ತು, ಅದು ಗೊತ್ತಿಲ್ಲ. ವಿಷ ಹಾಕೋ ದಿನ ಎಣಿಸಿ ಸಮ ಮಾಡೋಣ. ಹತ್ತು ದಿನ ಕೊಡಿ.”

“ಲೇಖನ ನಾಳೆ ಹೋಗ್ಬೇಕು ಅಕ್ಕಾ.”

ಅವರು ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದು ಅವಳ ಮುಂದೆ ಸರಿಸಿದರು. ಲೇಖನದ ಮೊದಲ ಪುಟ. ಲೇಖಕರ ಸಾಲಿನಲ್ಲಿ ಮೂರನೆಯದು ಅವಳ ಹೆಸರು. ಈವರೆಗೆ ಮೂವತ್ತು ಲೇಖನಗಳ ಕೋಶಗಳನ್ನು ಸಾಕಿದವಳಿಗೆ ಸಿಕ್ಕಿದ್ದು ಕೊನೆಯ ಪುಟದ ಸಣ್ಣಕ್ಷರದ ಕೃತಜ್ಞತೆ, ಅದೂ ನೆನಪಾದಾಗ. “ಅಮ್ಮಾ, ಇದ್ರಲ್ಲಿ ನಿನ್ನ ಹೆಸರೆಲ್ಲಿ?” ಎಂದು ಮಗಳು ಚಿಕ್ಕವಳಿದ್ದಾಗ ಕೇಳುತ್ತಿದ್ದಳು. ಈಗ ಕೇಳುವುದನ್ನೇ ಬಿಟ್ಟಿದ್ದಾಳೆ.

“ನಿಮ್ಮ ಹೆಸರು ನಿನ್ನೆಯೇ ಸೇರಿಸಿದ್ದು. ಬೇರೆ ಥರ ತಿಳ್ಕೋಬೇಡಿ,” ಎಂದರು ಪ್ರೊಫೆಸರ್. “ಆ ಎಣಿಕೆ ವಿಷಯ ಮಾತ್ರ ನಮ್ಮಿಬ್ಬರಲ್ಲೇ ಇರಲಿ.”

ಅಕ್ಕ ಹೆಸರಿನ ಕೆಳಗೆ ಬೆರಳಾಡಿಸಿದಳು. ಅಪ್ಪನ ಹೆಸರಿನ ಮೊದಲಕ್ಷರವೂ ಸೇರಿ ಎಲ್ಲ ಸರಿಯಾಗಿತ್ತು. ಇನ್ನೊಮ್ಮೆ ಓದಿಕೊಂಡಳು.

“ಬೇಡ ಸರ್,” ಎಂದಳು. “ತೆಗೆದುಬಿಡಿ.”