ಬಲಗೈ ವಿಮಾನ

ಪ್ರಮಾಣವಚನಕ್ಕೆ ಎತ್ತಿದ್ದ ಬಲಗೈಯನ್ನು ಅವಳು ಇನ್ನೂ ಇಳಿಸಿರಲಿಲ್ಲ. "ಮುಗೀತಮ್ಮಾ, ಇನ್ಮೇಲೆ ನೀವೂ ಈ ದೇಶದವರೇ," ಎಂದು ಅಧಿಕಾರಿ ನಕ್ಕು ಪೌರತ್ವ ಪತ್ರ ಕೊಟ್ಟರು.

ಹಿಂದಿನ ಸಾಲಿನಿಂದ ಗಂಡ ಎದ್ದು ಬಂದ. ಇಲ್ಲಿಯವನಾದ ತನ್ನನ್ನು ಕಟ್ಟಿಕೊಂಡಿದ್ದಕ್ಕೇ ಅವಳು ಅರ್ಜಿ ಹಾಕುವಂತಾದದ್ದು ಎಂಬುದನ್ನು ಅವನು ಒಂದು ದಿನವೂ ಮರೆಯಲು ಬಿಟ್ಟವನಲ್ಲ. ಊಟಕ್ಕೆ ಉಪ್ಪು ಕಮ್ಮಿಯಾದರೂ ಸಾಕು, ಅಂಗೈ ಚಾಚಿ ಅವಳ ಮೂಗಿನ ಮುಂದೆ ವಿಮಾನ ಹಾರಿಸುತ್ತಿದ್ದ: "ನಾನೊಂದು ಮಾತು ಹೇಳಿದ್ರೆ ಮುಗೀತು, ಜುಂಯ್ ಅಂತ ನಿಮ್ಮೂರಿಗೆ!" ಅವಳು ಕೆಳಗಿನ ತನ್ನ ಹೊಲಿಗೆ ಅಂಗಡಿಗೆ ಇಳಿದುಹೋಗುತ್ತಿದ್ದಳು. ಅಂಗಡಿಯನ್ನೂ ಅದರ ಮೇಲಿನ ಮನೆಯನ್ನೂ ಬಾಡಿಗೆಗೆ ಹಿಡಿದವಳು ಅವಳೇ.

"ಎಲ್ಲಾ ನನ್ನ ದಯೆ ಕಣೇ," ಎಂದು ಅವನು ಹಲ್ಲು ಕಿರಿದ. "ನಡಿ ಮನೆಗೆ, ಹೊಟ್ಟೆ ಚುರುಗುಟ್ತಿದೆ."

ಅವಳು ಅದೇ ಬಲಗೈಯನ್ನು ಚಪ್ಪಟೆ ಮಾಡಿ, ಅವನ ಮೂಗಿನ ತುದಿಯಿಂದ ಬಾಗಿಲ ಕಡೆಗೆ ಮೆಲ್ಲಗೆ ಹಾರಿಸಿದಳು.

"ಜುಂಯ್," ಎಂದಳು. "ಬರೋವಾಗ ನಾನು ಬಾಗಿಲಿಗೆ ಹಾಕಿದ್ದು ಹೊಸ ಬೀಗ ಕಣ್ರೀ. ನಿಮ್ಮ ಪೆಟ್ಟಿಗೆ ಆಗಲೇ ನಿಮ್ಮಮ್ಮನ ಮನೇಲಿ ಇಳಿದಿದೆ."